ಮದುವೆ ಕ್ಯಾಸೆಟ್ಟಿನೊಳಗಿನ ಬೀಗರ ಪದ

ಕೀಂಕ್. ಕೀಂಕ್. ಕೀಂಕ್.

ಕರೆಂಟು ಹೋದ ಕೂಡಲೇ ನಮ್ಮ ಯುಪಿಎಸ್ ಹೀಗೆ ಕೂಗುತ್ತಿತ್ತು. ಕೂಗಿದ ಮೇಲೆ ನನಗಿದ್ದದ್ದು ಏಳು ನಿಮಿಷ. ಡಬ್ಬಿಯ ಮೇಲೆ ಇಪ್ಪತ್ತು ನಿಮಿಷ ಎಂದು ಬಣ್ಣಬಣ್ಣವಾಗಿ ಅಚ್ಚು ಹಾಕಿದ್ದರು. ಶುದ್ಧ ಸುಳ್ಳು. ಏಳನೆಯ ನಿಮಿಷಕ್ಕೆ ಒಂದು ಉದ್ದನೆಯ ಕೂಗು ಹಾಕಿ ಅದೂ ಸಾಯುತ್ತಿತ್ತು, ಕಂಪ್ಯೂಟರೂ ಸಾಯುತ್ತಿತ್ತು, ಮುಂಜಾನೆಯಿಂದ ಮಾಡಿದ ಕೆಲಸವೂ ಸಾಯುತ್ತಿತ್ತು. ಆ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಆಟೋ ಸೇವ್ ಎಂಬ ಸೌಲಭ್ಯ ಇತ್ತು. ಆದರೆ ಅದನ್ನು ಆಫ್ ಮಾಡಿಯೇ ಕೊಟ್ಟಿದ್ದರು. ಮನೆ ಕಟ್ಟಿ, ಬಾಗಿಲು ಹಚ್ಚಿ, ಚಿಲಕ ಮಾತ್ರ ಅಟ್ಟದ ಮೇಲೆ ಇಟ್ಟ ಹಾಗೆ! ಮೂರು ಸಲ ಕೆಲಸ ಕಳೆದುಕೊಂಡ ಮೇಲೆ ಆ ಚಿಲಕ ನನಗೆ ಸಿಕ್ಕಿತು. ಈಗ ಯಾರಾದರೂ ಈ ಹವ್ಯಾಸಕ್ಕೆ ಕೈಹಾಕುತ್ತೇನೆಂದರೆ ಮೊದಲ ಮಾತು ಇದನ್ನೇ ಹೇಳುತ್ತೇನೆ: ಕತ್ತರಿ ಹಿಡಿಯುವುದಕ್ಕಿಂತ ಮುಂಚೆ ಸೇವ್ ಮಾಡುವುದನ್ನು ಕಲಿಯಿರಿ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದಿದ್ದೆವು. ಸಾಲಿಯಲ್ಲಿ ಇಂಗ್ಲಿಷ್ ಕಲಿಸಿ ನಾನು ರಿಟೈರ್ ಆಗಿದ್ದೆ. ಕಂಪ್ಯೂಟರ್ ನನ್ನ ಯಜಮಾನರ ಶೋಕಿ. ವಿಡಿಯೋ ಹಿಡಿಯುವ ಕಾರ್ಡು, ಅದರ ಜೊತೆ ಬಂದ ಎಡಿಟಿಂಗ್ ಸಿಡಿ, ಎಲ್ಲ ತಂದು ಜೋಡಿಸಿ, ಎರಡು ತಿಂಗಳಿಗೆ ಬೇಸರ ಮಾಡಿಕೊಂಡು ಬಿಟ್ಟರು. ನಾನು ಅದರ ಮುಂದೆ ಕೂತದ್ದು ಸಿಟ್ಟಿನಿಂದ. ಆ ಸಿಟ್ಟಿಗೆ ಕಾರಣ ನನ್ನ ನೆಗೆಣ್ಣಿ, ಯಜಮಾನರ ಅಣ್ಣನ ಹೆಂಡತಿ, ಇಳಕಲ್ಲಿನವರು.

ಅವರದು ಕೈಮಗ್ಗದ ಮನೆ. ರಾಟಿಯ ಮುಂದೆ ಕೂತು ನೂಲು ಸುತ್ತುತ್ತ ಅವರು ಹಾಡುತ್ತಿದ್ದರೆ ಆಚೆ ಓಣಿಯವರು ತಮ್ಮ ಕೆಲಸ ನಿಲ್ಲಿಸುತ್ತಿದ್ದರು. ಮದುವೆಯ ಊಟದ ಪಂಕ್ತಿಯಲ್ಲಿ ಬೀಗರನ್ನು ಕಿಚಾಯಿಸುವ ಬೀಗರ ಪದ ಹಾಡಲು ಅವರನ್ನು ಹುನಗುಂದದಿಂದ, ಶಿರೂರಿನಿಂದ ಗಾಡಿ ಕಳಿಸಿ ಕರೆಸುತ್ತಿದ್ದರು. ನಾನು ಹೊಸ ಸೊಸೆಯಾಗಿ ಆ ಮನೆಗೆ ಹೋದಾಗ, ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳೆಂದು ನನಗಿಟ್ಟ ಹೆಸರೇ ‘ಕಾನ್ವೆಂಟ’.

“ಏ ಕಾನ್ವೆಂಟ, ರೊಟ್ಟಿ ತಿನ್ನಾಕ ಚಮಚೆ ಕೊಡ್ಲೇನವಾ?”

“ಬ್ಯಾಡ್ರಿ ಅಕ್ಕಾರ, ನಿಮ್ಮ ನಾಲಿಗಿ ಕೊಡ್ರಿ, ಅದs ಚೂಪ ಐತಿ,” ಎಂದು ನಾನು ಅಂದ ದಿನ ಅವರು ಬಿದ್ದು ಬಿದ್ದು ನಕ್ಕು, ನನ್ನನ್ನು ತಮ್ಮ ಪಂಗಡಕ್ಕೆ ಸೇರಿಸಿಕೊಂಡರು.

ನನ್ನ ಮಗಳ ಮದುವೆ ತೊಂಬತ್ತರ ದಶಕದ ಕೊನೆಯಲ್ಲಿ, ಮಲಪ್ರಭೆಯ ದಂಡೆಯ ಶಿವಯೋಗ ಮಂದಿರದಲ್ಲಿ ಆಯಿತು. ಪಂಕ್ತಿ ಕೂತಿತು. ಗಂಡಿನ ತಾಯಿ ಜರದ ಸೀರೆಯಲ್ಲಿ ಬಿಗಿಯಾಗಿ ಕೂತಿದ್ದಾರೆ. ಅಕ್ಕಾರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುವೆ ನಿಂತು ಎತ್ತಿದರು:

ಬಿಂಕದ ಬೀಗತಿ ಬಂದಾಳ ಪಂಕ್ತೀಗೆ
ಹತ್ತ ಹೋಳಿಗಿ ಉಂಡು ಹಸಿವಿಲ್ಲ ಅಂದಾಳ
ತುಪ್ಪ ಬಂದಾಗ ಕಣ್ಣ ತೆರದಾಳ

ಈ ಮೊದಲ ನುಡಿಗೆ ಗಂಡಿನ ತಾಯಿ ಅರ್ಧ ನಿಮಿಷ ಮುಖ ಗಂಟು ಹಾಕಿ, ಆಮೇಲೆ ತಾವೇ ತಡೆಯಲಾರದೆ ನಕ್ಕರು. ಇಡೀ ಪಂಕ್ತಿ ನಕ್ಕಿತು. ನಾನೊಬ್ಬಳು ನಗಲಿಲ್ಲ. ನನ್ನ ಕಾನ್ವೆಂಟಿನ ಗೆಳತಿಯರು ಎದುರು ಸಾಲಿನಲ್ಲಿ ಕೂತಿದ್ದರು. ನನಗೆ ಎಂಬರಾಸ್ ಆಗಿತ್ತು. ಈಗ ಈ ಶಬ್ದ ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೆಲವು ವರ್ಷಕ್ಕೆ ಅಕ್ಕಾರ ಗಂಟಲಲ್ಲಿ ಗಡ್ಡೆ ಎದ್ದಿತು. ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಕುತ್ತಿಗೆಗೆ ಸೆರಗು ಸುತ್ತಿಕೊಂಡು, ಮಕ್ಕಳ ಪಾಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಳಪದಿಂದ ಬರೆದು ಮಾತಾಡುವುದನ್ನು ಕಲಿತರು. ನಾಲ್ಕನೇ ಇಯತ್ತೆಯ ಅಕ್ಷರ, ಬೈಗುಳ ಮಾತ್ರ ಡಿಗ್ರಿಯದು.

ಒಂದು ದಿನ ನಾನು ಇಳಕಲ್ಲಿಗೆ ಹೋದಾಗ ಅವರ ಬಾಗಿಲಲ್ಲಿ ಕೂತಿದ್ದೆವು. ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಯಾರಿಗೋ ದಾರಿ ತೋರಿಸುತ್ತಿದ್ದಳು: “ಅಗೊ, ಆ ಮೂಕಿ ಅತ್ತಿ ಮನಿ ಐತೆಲ್ರಿ, ಅದರ ಬಾಜೂಕ.”

ಮೂಕಿ ಅತ್ತಿ! ನನ್ನ ಮೈಯೆಲ್ಲ ಉರಿಯಿತು. ಎದ್ದು ಹೋಗಿ ಆ ಹುಡುಗಿಗೆ ನಾಲ್ಕು ಮಾತು ಹೇಳಬೇಕೆಂದಿದ್ದೆ. ಅಕ್ಕಾರು ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿ ಪಾಟಿಯ ಮೇಲೆ ಬರೆದರು: ‘ಅದರದೇನ ತಪ್ಪು? ಅದು ನನ್ನ ದನಿ ಕೇಳಿಲ್ಲ.’ ಅಳಿಸಿದರು. ಮತ್ತೆ ಬರೆದರು: ‘ನಿನ್ನ ಮಗಳ ಮದಿವಿ ಕ್ಯಾಸೆಟ್ಟಿನ್ಯಾಗ ನಾ ಹಾಡಿದ್ದು ಐತೇನು? ಇವರಿಗೆಲ್ಲ ಒಮ್ಮೆ ಕೇಳಸಬೇಕು.’

“ಇರೂದs ಅಕ್ಕಾರ, ಎಲ್ಲಿ ಹೋಗ್ತದ?” ಎಂದು ಬಂದೆ.

ಮನೆಗೆ ಬಂದು ವಿಸಿಆರಿಗೆ ಕ್ಯಾಸೆಟ್ ಹಾಕಿದೆ. ಪಂಕ್ತಿ ಬಂತು. ಅಕ್ಕಾರು ನಡುವೆ ನಿಂತಿದ್ದಾರೆ, ಬಾಯಿ ಆಡುತ್ತಿದೆ, ಕೈ ಆಡುತ್ತಿದೆ, ಮತ್ತು ಅವರ ಬಾಯಿಂದ ಒಂದು ಸಿನಿಮಾದ ಗಂಡಸಿನ ಪ್ರೇಮಗೀತೆ ಹೊರಡುತ್ತಿದೆ! ಆ ಕಾಲದ ಎಲ್ಲ ಮದುವೆ ವಿಡಿಯೋಗಳ ಹಣೆಬರಹ ಅದೇ. ತಾಳಿಗೆ ಒಂದು ಹಾಡು, ಆರತಿಗೆ ಒಂದು ಹಾಡು, ಅಳುವವರ ಬಾಯಿಗೂ ಒಂದು ಹಾಡು. ಮನುಷ್ಯರ ಮಾತು ಯಾರಿಗೂ ಬೇಡ.

ಮರುದಿನವೇ ಬದಾಮಿಗೆ ಹೋಗಿ ಆ ಮದುವೆಯ ವಿಡಿಯೋ ತೆಗೆದಿದ್ದ ಸ್ಟುಡಿಯೋದವನ ಮುಂದೆ ನಿಂತೆ.

“ಯಾರನ್ನ ಕೇಳಿ ನೀವು ನಮ್ಮ ಅಕ್ಕಾರ ಹಾಡು ತೆಗೆದ್ರಿ? ಓರಿಜಿನಲ್ ಕ್ಯಾಸೆಟ್ ಕೊಡ್ರಿ.”

ಅವನು ನಿಧಾನಸ್ಥ. ಚಹಾ ತರಿಸಿದ. ಒಳಗೆ ಹೋಗಿ ದೂಳು ಹಿಡಿದ ಫೈಲೊಂದನ್ನು ತಂದು, ಅದರಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟ. “ನಿಮ್ಮ ಅಕ್ಷರ ಹೌದಲ್ರಿ ಮೇಡಂ? ಎಷ್ಟ ಚೆಂದ ಬರೀತೀರಿ.”

ನನ್ನದೇ. ಮದರ್ ಸುಪೀರಿಯರ್ ರೂಲರಿನಿಂದ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ ಆ ಕರ್ಸಿವ್ ಅಕ್ಷರ. ಯಾವ ದೃಶ್ಯಕ್ಕೆ ಯಾವ ಹಾಡು ಎಂಬ ಪಟ್ಟಿ. ಕೊನೆಗೆ ಅಡಿಗೆರೆ ಎಳೆದು ಬರೆದಿದ್ದೆ: ಲೇಡೀಸ್ ಸಿಂಗಿಂಗ್, ನಾಟ್ ರಿಕ್ವೈರ್ಡ್.

ಚಹಾದ ಕಪ್ಪನ್ನು ಕೆಳಗಿಟ್ಟೆ. ಆದರೂ ನಾನು ಸೋಲಲಿಲ್ಲ. “ಬ್ಯಾಡ ಅಂದೆ ಖರೆ. ಮೂಲದ್ದು ಅಳಸ್ರಿ ಅಂತ ಅಂದಿದ್ನೇನು?”

“ರಾ ಕ್ಯಾಸೆಟ್ ಎಷ್ಟ ದಿನ ಇಡೂಣ್ರಿ? ಅದರ ಮ್ಯಾಲ ಯಾರದೋ ಬಸುರಿ ಕುಬಸ ಆಗೇತಿ, ಕುಬಸದ ಮ್ಯಾಲ ಇನ್ಯಾರದೋ ಮನಿ ಶಾಂತಿ ಆಗೇತಿ. ನಿಮಗ ಕೊಟ್ಟದ್ದs ಒಂದs ಕ್ಯಾಸೆಟ್. ಚಿತ್ರ ಜೋಡಿಸಿ, ಅದರ ಮ್ಯಾಲs ಡೈರೆಕ್ಟ ಹಾಡ ಡಬ್ ಮಾಡಿದ್ದು. ಕಾಪಿ ಸೈತ ಇಟ್ಟಿಲ್ರಿ.”

ಬಸ್ಸಿನಲ್ಲಿ ಬಾಗಲಕೋಟೆಯವರೆಗೆ ಅವನನ್ನು ಬೈದೆ, ನನ್ನನ್ನು ಬೈದೆ, ಆ ಗಂಡಸು ಗಾಯಕನನ್ನೂ ಬೈದೆ.

ಚಿತ್ರವಾದರೂ ಉಳಿಯಲಿ, ಕಂಪ್ಯೂಟರಿಗೆ ಇಳಿಸೋಣ ಎಂದುಕೊಂಡೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯತೊಡಗಿತ್ತು, ನಮ್ಮ ವಿಸಿಆರ್ ಟೇಪನ್ನು ಜಗಿಯುತ್ತಿತ್ತು. ಹುನಗುಂದದಲ್ಲಿ ನಮ್ಮ ಪರಿಚಯದ ಡಾಕ್ಟರೊಬ್ಬರ ಹತ್ತಿರ ಗಲ್ಫಿನಿಂದ ತಂದ ಹೈಫೈ ವಿಸಿಆರ್ ಇತ್ತು. ಮ್ಯಾನುವಲ್ ಸಮೇತ ಕೊಟ್ಟರು. ನಾನು ಮ್ಯಾನುವಲ್ ಓದುವವಳು. ನಮ್ಮ ಗಂಡಸರು ಓದುವುದಿಲ್ಲ, ಗುಂಡಿ ಒತ್ತಿ ನೋಡುತ್ತಾರೆ, ಆಮೇಲೆ ಯಂತ್ರಕ್ಕೆ ಬೈಯುತ್ತಾರೆ. ಕೊನೆಯ ಪುಟದಲ್ಲಿ ತೊಂದರೆ, ಕಾರಣ, ಪರಿಹಾರ ಎಂದು ಮೂರು ಕಾಲಮ್ಮಿನ ಒಂದು ಕೋಷ್ಟಕ ಇತ್ತು. ಅದರಲ್ಲೊಂದು ಸಾಲು ಹೀಗಿತ್ತು: ಡಬ್ ಮಾಡಿದ ಧ್ವನಿ ಕೇಳಿಸದಿದ್ದರೆ, ಸ್ವಿಚ್ಚು ಹೈಫೈ ಕಡೆಗೆ ಇದೆ, ನಾರ್ಮಲ್ ಕಡೆಗೆ ತಿರುಗಿಸಿ.

ನಾನು ಮೂವತ್ತು ವರ್ಷ ಮಕ್ಕಳಿಗೆ ಕಾಂಪ್ರಿಹೆನ್ಶನ್ ಕಲಿಸಿದವಳು. ಸಾಲಿನಲ್ಲಿ ಬರೆದದ್ದನ್ನು ಓದಿದರೆ ಅರ್ಧ ಮಾರ್ಕು, ಬರೆಯದೆ ಬಿಟ್ಟದ್ದನ್ನು ಓದಿದರೆ ಪೂರ್ತಿ. ಹೈಫೈ ಕಡೆಗೆ ಇದ್ದಾಗ ಡಬ್ ಮಾಡಿದ ಹಾಡು ಕೇಳುವುದಿಲ್ಲ. ಸರಿ. ಹಾಗಾದರೆ ಆಗ ಕೇಳುವುದು ಏನು?

ಹಿಂದಿನ ಪುಟ ತಿರುವಿದೆ. ಟೇಪಿನ ಮೇಲೆ ಧ್ವನಿಗೆ ಎರಡು ದಾರಿಯಂತೆ. ಒಂದು ಅಂಚಿಗೆ, ಅದನ್ನು ಅಳಿಸಿ ಮತ್ತೆ ತುಂಬಬಹುದು. ಇನ್ನೊಂದು, ಹೈಫೈ ಎಂಬುದು, ಚಿತ್ರದ ಅಡಿಯಲ್ಲೇ ಕೂತಿರುತ್ತದೆ. ಚಿತ್ರ ಅಳಿಸದೆ ಅದನ್ನು ಅಳಿಸಲಾಗದು. ಸ್ಟುಡಿಯೋದವನ ಯಂತ್ರ ಒಳ್ಳೆಯದಿದ್ದರೆ ಎರಡೂ ದಾರಿಯಲ್ಲಿ ಪಂಕ್ತಿಯ ಸದ್ದು ಹತ್ತಿರುತ್ತದೆ. ಅವನು ಡಬ್ ಮಾಡಿದ್ದು ಅಂಚಿಗೆ ಮಾತ್ರ. ನಮ್ಮ ಅಗ್ಗದ ವಿಸಿಆರ್ ಓದುತ್ತಿದ್ದದ್ದೂ ಆ ಅಂಚನ್ನೇ.

ಸ್ವಿಚ್ಚು ಹೈಫೈಗೆ ಸರಿಸಿ ಪ್ಲೇ ಒತ್ತಿದೆ. ಗಿಜಿಗಿಜಿ, ತಟ್ಟೆ ಸದ್ದು, “ಸಾರು ಯಾರಿಗ್ರೀ, ಸಾರು” ಎಂಬ ಕೂಗು. ಊಟ ಮಾಡಿ ಅಡ್ಡಾಗಿದ್ದ ಯಜಮಾನರು ಎದ್ದು ಬಂದರು.

“ಏನಾತು? ಹಾಡ ಎಲ್ಲಿ ಹೋತು? ಕ್ಯಾಸೆಟ್ ಕೆಡಿಸಿದಿ ನೋಡು!”

“ಸುಮ್ಮನಿರ್ರಿ.”

ಆಮೇಲೆ ಬಿಂಕದ ಬೀಗತಿ ಬಂದಳು. ಯಜಮಾನರು ನಿಂತಲ್ಲೇ ಕೂತುಬಿಟ್ಟರು. “ವೈನ್ಯಾರ ದನಿ,” ಎಂದರು ಮೆಲ್ಲಗೆ, ತೆರೆಯ ಮೇಲಿನ ಅತ್ತಿಗೆಯನ್ನು ನೋಡುತ್ತ.

ಕೆಲಸ ಮುಗಿಯಿತು ಎಂದುಕೊಂಡಿರಾ? ಆ ಸಾಫ್ಟ್‌ವೇರ್ ಮಾಡಿದವರನ್ನು ಬೈಯುವುದು ಅಲ್ಲಿಂದಲೇ ಶುರು. ಕಂಪ್ಯೂಟರಿಗೆ ಇಳಿಸಿದೆ, ಚಿತ್ರ ಕುಂಟುತ್ತ ಬಂತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ಅದು ಅಮೆರಿಕದ ಟಿವಿ ಲೆಕ್ಕಕ್ಕೆ, ಎನ್‌ಟಿಎಸ್‌ಸಿಗೆ ಸೆಟ್ ಆಗಿ ಬಂದಿತ್ತು. ನಮ್ಮದು ಪಾಲ್, ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಬಾಗಲಕೋಟೆಯಲ್ಲಿ ಮಾರುವವರು ಬಾಗಲಕೋಟೆಯ ಟಿವಿಗೆ ಹೊಂದಿಸಿ ಕೊಡಬಾರದೇ?

ಅದಾದ ಮೇಲೆ ಬಾಯಿ ಒಂದು ಕಡೆ, ಹಾಡು ಒಂದು ಕಡೆ. ಶುರುವಿಗೆ ಸರಿ ಇರುತ್ತಿತ್ತು. ಐದನೇ ನಿಮಿಷಕ್ಕೆ ಅಕ್ಕಾರು ಬಾಯಿ ಮುಚ್ಚಿದ ಮೇಲೂ ದನಿ ಬರುತ್ತಿತ್ತು. ನಡುನಡುವೆ ಚಿತ್ರಗಳು ಉದುರುತ್ತಿದ್ದವು. ಯಜಮಾನರು ಹಿಂದೆ ಇಸ್ಪೀಟು ಆಟವನ್ನು ತೆರೆದಿಟ್ಟು ಹೋಗಿದ್ದರು. ಅದನ್ನೂ ಉಳಿದದ್ದನ್ನೂ ಮುಚ್ಚಿದೆ, ಡಿಸ್ಕಿನಲ್ಲಿ ಚೆದುರಿದ್ದನ್ನು ಒಟ್ಟುಗೂಡಿಸಲು ಡಿಫ್ರಾಗ್ ಮಾಡಿದೆ, ಮತ್ತೆ ಇಳಿಸಿದೆ. ಅಷ್ಟಾದರೂ ಸ್ವಲ್ಪ ಉಳಿದ ವ್ಯತ್ಯಾಸಕ್ಕೆ ನಾನೇ ಉಪಾಯ ಕಂಡುಕೊಂಡೆ. ಇಡೀ ಧ್ವನಿಯನ್ನು ಹಿಡಿದು ಎಳೆಯಬಾರದು. ಒಂದು ನುಡಿ ಮುಗಿದು ಹಾಡುವವರು ಉಸಿರು ತೆಗೆದುಕೊಳ್ಳುವ ಕಡೆ ಕತ್ತರಿಸಬೇಕು, ಪ್ರತಿ ನುಡಿಯನ್ನೂ ಬೇರೆಬೇರೆಯಾಗಿ ತುಟಿಗೆ ಕೂಡಿಸಬೇಕು. ಹೀಗೆ ಮಾಡುತ್ತ ಅಕ್ಕಾರು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರೆಂಬುದು ನನಗೆ ಬಾಯಿಪಾಠವಾಯಿತು.

ಗಿಜಿಗಿಜಿ ತೆಗೆಯುವ ಫಿಲ್ಟರನ್ನು ಮಾತ್ರ ನಂಬಬೇಡಿ. ಪೂರ್ತಿ ಎಳೆದರೆ ಅಕ್ಕಾರು ಬಾವಿಯೊಳಗಿಂದ ಹಾಡಿದ ಹಾಗೆ ಕೇಳಿತು. ತಟ್ಟೆ ಸದ್ದು ಇರಲಿ ಎಂದು ಬಿಟ್ಟೆ. ಒಂದು ದಿನ ಫೈಲುಗಳನ್ನೆಲ್ಲ ನೀಟಾಗಿ ಇರಲೆಂದು ಬೇರೆ ಫೋಲ್ಡರಿಗೆ ಹಾಕಿದೆ. ಮರುದಿನ, ಚಿತ್ರಗಳನ್ನು ಸಾಲಾಗಿ ಜೋಡಿಸಿದ್ದ ಟೈಮ್‌ಲೈನಿನ ತುಂಬ ಕೆಂಪು ಗುಣಾಕಾರ ಚಿಹ್ನೆ. ‘ದ ಫೈಲ್ ಮೇ ಹ್ಯಾವ್ ಬೀನ್ ಮೂವ್ಡ್’ ಎಂದಿತು. ಮೇ ಹ್ಯಾವ್ ಅಂತೆ! ನಾನೇ ಮೂವ್ ಮಾಡಿದ್ದು, ಹೇಳಬಾರದೇ ನೇರವಾಗಿ, ಬುದ್ಧಿಗೇಡಿ ಮುದುಕಿ ಎಂದು? ಫೈಲುಗಳನ್ನು ಹಳೆಯ ಜಾಗಕ್ಕೇ ಇಟ್ಟರೆ ಎಲ್ಲ ತಿರುಗಿ ಬಂತು. ಸಿಡಿ ಬರೆಯುವಾಗ ವೇಗ ಕಡಿಮೆ ಮಾಡಿ ಬರೆದದ್ದು ಎಲ್ಲ ಪ್ಲೇಯರಿನಲ್ಲೂ ಓಡುತ್ತದೆ. ಅವಸರದಲ್ಲಿ ಬರೆದ ನಾಲ್ಕು ಸಿಡಿಗಳನ್ನು ಹಿತ್ತಲಲ್ಲಿ ಗುಬ್ಬಿ ಓಡಿಸಲು ಕಟ್ಟಿದೆ.

ಮಧ್ಯಾಹ್ನ ಓಣಿಯ ಪವರ್‌ಲೂಮುಗಳು ಊಟಕ್ಕೆ ನಿಂತ ಹೊತ್ತಿನಲ್ಲಿ ಇಳಕಲ್ಲಿನ ಆ ಮನೆಯಲ್ಲಿ ಸಿಡಿ ಹಾಕಿದೆ. ಪಡಸಾಲೆ ತುಂಬ ಹೆಂಗಸರು. ‘ಮೂಕಿ ಅತ್ತಿ’ ಎಂದಿದ್ದ ಹುಡುಗಿಯನ್ನು ನಾನೇ ಹೋಗಿ ಕರೆತಂದು ಮುಂದೆ ಕೂರಿಸಿದ್ದೆ. ಹಾಡು ಎದ್ದಿತು. ಆ ಹುಡುಗಿ ಟಿವಿ ನೋಡಿದಳು, ಅಕ್ಕಾರನ್ನು ನೋಡಿದಳು, ಮತ್ತೆ ಟಿವಿ ನೋಡಿದಳು. “ಅತ್ತಿ, ಇದು ನೀವ ಏನ್ರಿ? ಯವ್ವಾ, ಏನ ಬೈತೀರಿ!” ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಅಕ್ಕಾರು ಕಣ್ಣೊರೆಸಿಕೊಳ್ಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಹುಬ್ಬು ಗಂಟಿಕ್ಕಿಕೊಂಡು ಪಾಟಿ ಎತ್ತಿ ತೋರಿಸಿದರು: ‘ಮೂರನೇ ನುಡಿ ಎಲ್ಲಿ? ಯಾಕ ನುಂಗೀದಿ?’

“ನಾ ನುಂಗಿಲ್ರೀ ಅಕ್ಕಾರ! ಆ ಸ್ಟುಡಿಯೋದಾಂವ ಅಲ್ಲಿ ಚಿತ್ರಾನs ಕತ್ತರಿಸ್ಯಾನ. ಇಲ್ಲದ್ದನ್ನ ಎಲ್ಲಿಂದ ತರ್ಲಿ?”

ಅವರು ನಂಬಿದ ಹಾಗೆ ಕಾಣಲಿಲ್ಲ. ಪಾಟಿ ಒರೆಸಿ ಆ ನುಡಿಯನ್ನು ಬರೆದು ಆ ಹುಡುಗಿಯ ಕೈಗೆ ಕೊಟ್ಟರು. ಹಾಡು ಎಂದು ಸನ್ನೆ ಮಾಡಿದರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಮುಂದಿನ ಚಳಿಗಾಲದಲ್ಲಿ. ಓಣಿಯಲ್ಲಿ ಒಂದು ಮದುವೆ ಗೊತ್ತಾಗಿತ್ತು. ನಾಲ್ವರು ಸೊಸೆಯರು ಪಡಸಾಲೆಯಲ್ಲಿ ಸಾಲಾಗಿ ಕೂತು, ಬಿಂಕದ ಬೀಗತಿಯನ್ನು ಎಲ್ಲೆಲ್ಲೋ ಎಳೆಯುತ್ತಿದ್ದರು. ಅಕ್ಕಾರು ಎದುರಿಗೆ ಕೂತು ಅಂಗೈಯಿಂದ ನೆಲ ಬಡಿಯುತ್ತ, ತಪ್ಪಿದವಳ ಮೊಣಕಾಲಿಗೂ ಒಂದು ಬಡಿಯುತ್ತ ಲಯ ಹಾಕುತ್ತಿದ್ದರು. ಮೊದಲಿಗಿಂತ ಭಾಳ ಸೊರಗಿದ್ದರು. ಮುಖದ ತುಂಬ ಸಿಟ್ಟು.

“ಅಕ್ಕಾರ, ಬಸ್ಸಿನ ಹೊತ್ತಾತು. ನಾ ಬರ್ತೇನ್ರಿ,” ಎಂದೆ.

ಅವರು ತಿರುಗಿ ನೋಡಲಿಲ್ಲ. ಹುಡುಗಿಯರು ಮೂರನೇ ನುಡಿ ಎತ್ತಿಕೊಳ್ಳುವುದರಲ್ಲಿದ್ದರು. ಒಂದು ಕೈ ನೆಲ ಬಡಿಯುತ್ತಲೇ ಇತ್ತು; ಇನ್ನೊಂದನ್ನು ನನ್ನ ಕಡೆಗೆ ಎತ್ತಿ, ಬಾಯಿ ಮುಚ್ಚು ಎಂದು ಸನ್ನೆ ಮಾಡಿದರು. ನಾನು ಬಾಯಿ ಮುಚ್ಚಿಕೊಂಡು ಚಪ್ಪಲಿ ಮೆಟ್ಟಿದೆ.