ಅವಳ ಬಿಲ್ಲುಗಾತಿಯನ್ನು ನಾನು ಸರಿಮಾಡಿದ್ದು

ನನ್ನ ಹೆಂಡತಿ ಗೇಮು ಆಡಲು ಕೂತದ್ದೇ ನನ್ನ ಒತ್ತಾಯಕ್ಕೆ. ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿಗೆ ನಾವು ಬಂದ ಹೊಸತು. ಅವಳಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ. ದಿನಾ ಫ್ರೀವೇಯಲ್ಲಿ ಹೋಗಿಬರುವಷ್ಟರಲ್ಲಿ ಹಣ್ಣಾಗಿಬಿಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಕೂರಲು ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಕಾಲೇಜಿನಿಂದಲೂ ನನಗೆ ಹುಚ್ಚು ಹಿಡಿಸಿದ್ದ ಆಟವನ್ನು ಟಿವಿಗೆ ಹಾಕಿ, ಇನ್ನೊಂದು ಕಂಟ್ರೋಲರನ್ನು ಅವಳ ಕೈಗೆ ಕೊಟ್ಟೆ.

ರಾಕ್ಷಸರನ್ನು ಕೊಂದು, ಅವರು ಬೀಳಿಸಿದ ಆಯುಧ, ಉಡುಪುಗಳನ್ನು ಹೆಕ್ಕಿಕೊಳ್ಳುವ ಆಟ. ಒಂದೊಂದು ಲೆವೆಲ್ ಏರಿದಾಗಲೂ ಐದು ಪಾಯಿಂಟು ಸಿಗುತ್ತವೆ; ಅವನ್ನು ಶಕ್ತಿ, ಚುರುಕು, ಬುದ್ಧಿ, ಅದೃಷ್ಟಗಳಿಗೆ ಹಂಚಬೇಕು. ಅವಳು ಆರಿಸಿಕೊಂಡದ್ದು ಬಿಲ್ಲು ಹಿಡಿದ ಹುಡುಗಿಯನ್ನು. ಆ ಹುಡುಗಿಗೆ ಬೇಕಾದದ್ದು ಚುರುಕು. ನನ್ನ ಹೆಂಡತಿ ಐದರಲ್ಲಿ ಮೂರನ್ನು ಅದೃಷ್ಟಕ್ಕೇ ಸುರಿಯುತ್ತಿದ್ದಳು.

"ಅದ್ರಿಂದ ಏನೂ ಪ್ರಯೋಜನ ಇಲ್ಲ ಕಣೇ. ಬಾಣದ ಏಟಿಗೆ ಡ್ಯಾಮೇಜು ಬರಲ್ಲ."

"ಪಾಪ, ಕಾಡಲ್ಲಿ ಒಬ್ಳೇ ತಿರುಗ್ತಾಳೆ. ಅದೃಷ್ಟ ಇರ್ಲಿ ಬಿಡಿ."

ಸಿಕ್ಕಿದ್ದನ್ನು ಅವಳು ಬಿಸಾಡುತ್ತಲೂ ಇರಲಿಲ್ಲ. ಹರಿದ ಹಸಿರು ಕೋಟು, ತೂತಾದ ಟೋಪಿ, ಮೊದಲ ಗುಹೆಯಲ್ಲಿ ಸಿಕ್ಕ ಮರದ ಬಳೆ, ಎಲ್ಲವೂ ಚೀಲದಲ್ಲಿ. ಯಾವುದು ಎಲ್ಲಿ ಸಿಕ್ಕಿತೆಂದು ನೆನಪಿಟ್ಟಿದ್ದಳು. "ಈ ಬಳೆ, ನೀವು ಸತ್ತು ನಾನೊಬ್ಳೇ ಗೆದ್ನಲ್ಲ, ಆವತ್ತಿಂದು" ಎಂದು ತೋರಿಸಿ ನಗುತ್ತಿದ್ದಳು.

ಒಬ್ಬ ರಾಕ್ಷಸನ ಹತ್ತಿರ ನಾವು ಮೂರು ವಾರ ಸೋತೆವು. ಮರುವಾರ ಶನಿವಾರ ಮಧ್ಯಾಹ್ನ ಅವಳು ಲ್ಯಾಬಿಗೆ ಹೋದಾಗ ನಾನು ಅವಳ ಪಾತ್ರವನ್ನು ತೆರೆದೆ. ಪಾಯಿಂಟುಗಳನ್ನೆಲ್ಲ ವಾಪಸ್ ತೆಗೆದು ಚುರುಕಿಗೆ ಹಾಕಿದೆ. ಚೀಲದಲ್ಲಿದ್ದ ಹಳೆಯದನ್ನೆಲ್ಲ ಆಟದ ಕಮ್ಮಾರನಿಗೆ ಕೊಟ್ಟು ಕರಗಿಸಿ, ಹೊಸ ಬಿಲ್ಲು ಮಾಡಿಸಿದೆ; ಆಟದಲ್ಲಿ ಮರ, ಬಟ್ಟೆಯೂ ಕರಗುತ್ತವೆ. ಅವಳಿಗೆ ಖುಷಿಯಾಗುತ್ತದೆಂದೇ ನಂಬಿದ್ದೆ.

ಮರುದಿನ ನಾಲ್ಕೇ ಬಾಣಕ್ಕೆ ಆ ರಾಕ್ಷಸ ಉರುಳಿಬಿದ್ದ. ನಾನು ಚಪ್ಪಾಳೆ ತಟ್ಟಿದೆ. ಅವಳು ಚೀಲ ತೆರೆದಳು.

"ಬಳೆ ಎಲ್ಲಿ?"

"ಕರಗಿಸ್ದೆ. ಅದ್ರಿಂದಾನೇ ಈ ಬಿಲ್ಲು ಆಗಿದ್ದು."

"ನನ್ನ ಒಂದು ಮಾತು ಕೇಳ್ಬಹುದಿತ್ತಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ" ಎಂದು ನಕ್ಕೆ. ಅವಳು ನಗಲಿಲ್ಲ. ಕಂಟ್ರೋಲರನ್ನು ಮೆಲ್ಲಗೆ ಸೋಫಾದ ಮೇಲಿಟ್ಟು, ಒಣಗಿದ ಬಟ್ಟೆ ಮಡಿಸಲು ಹೋದಳು. ಮುಂದಿನ ಭಾನುವಾರ ಕರೆದಾಗ, "ನೀವೇ ಆಡಿ. ಎರಡು ಪಾತ್ರಾನೂ ನಿಮ್ದೇ ತಾನೇ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಪಾಯಿಂಟುಗಳನ್ನು ಮತ್ತೆ ಅದೃಷ್ಟಕ್ಕೆ ಹಾಕಿದೆ, ಅದು ಸಾಧ್ಯವಿತ್ತು. ಕರಗಿದ್ದು ಮಾತ್ರ ಬರುವ ಹಾಗಿರಲಿಲ್ಲ. ಒಂದು ವಾರ ಮೊದಲ ಗುಹೆಯನ್ನೇ ಸುತ್ತಿ, ಅದೇ ಹೆಸರಿನ ಇನ್ನೊಂದು ಬಳೆ ಸಂಪಾದಿಸಿ ತೋರಿಸಿದೆ. "ಚೆನ್ನಾಗಿದೆ" ಎಂದಳು. ಆಡಲು ಕೂರಲಿಲ್ಲ.

ಆ ಚಳಿಗಾಲದಲ್ಲಿ ಸರಟೋಗಾದ ಗೆಳೆಯರ ಮನೆಗೆ ಊಟಕ್ಕೆ ಹೋಗಿದ್ದೆವು. ಅವಳ ಸಹೋದ್ಯೋಗಿಯೊಬ್ಬರು, "ಟೀಮ್ ಲೀಡ್ ಆಗೋಕೆ ಯಾಕೆ ಒಪ್ಕೊಳ್ಲಿಲ್ಲ ಇವ್ರು?" ಎಂದು ನನ್ನನ್ನು ಕೇಳಿದರು. ನನಗೆ ಆ ವಿಷಯವೇ ಗೊತ್ತಿರಲಿಲ್ಲ. ತಿಳಿದವನಂತೆ ತಲೆಯಾಡಿಸಿ, ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ.

"ಹೇಳಿದ್ರೆ ನೀವು ಕೂತ್ಕೊಂಡು ಸರಿಮಾಡ್ಬಿಡ್ತಿದ್ರಿ" ಎಂದಳು. "ನನಗೆ ಸ್ವಲ್ಪ ದಿನ ಸುಮ್ನೆ ಯೋಚ್ನೆ ಮಾಡ್ಬೇಕಿತ್ತು."

ಅವಳು ಯಾಕೆ ಒಪ್ಪಿಕೊಳ್ಳಬೇಕಿತ್ತು ಎಂಬುದಕ್ಕೆ ಮೂರು ಕಾರಣಗಳು ಆಗಲೇ ನನ್ನ ನಾಲಿಗೆಯ ತುದಿಯಲ್ಲಿದ್ದವು. ಮುಂದಿನ ಸಿಗ್ನಲ್ಲಿನವರೆಗೆ ತಡೆದುಕೊಂಡೆ. ಆಮೇಲೆ ಹೇಳಿಯೇಬಿಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡು "ಆಯ್ತು" ಎಂದಳು. ನಾವು ಚೆನ್ನಾಗಿಯೇ ಇದ್ದೇವೆ. ಆದರೆ ಅವಳ ಎಷ್ಟೋ ವಿಷಯಗಳು ಈಗ ನನಗೆ ಗೊತ್ತಾಗುವುದು ಎಲ್ಲ ಮುಗಿದ ಮೇಲೆ.