ಎಡಗಿವಿಯ ಕೆಲಸ

ಮೂಡುಬಿದಿರೆಯ ಆ ನಿವೃತ್ತ ಉಪನ್ಯಾಸಕರ ಆತ್ಮಕಥೆಯನ್ನು ಪುಸ್ತಕವಾಗಿ ನಾನು ಓದಿಲ್ಲ. ಓದುವ ಅಗತ್ಯವೂ ಇಲ್ಲ. ಕೊನೆಯ ಮೂರು ಅಧ್ಯಾಯ ಬಿಟ್ಟರೆ ಅದರ ಒಂದೊಂದು ವಾಕ್ಯವೂ ನನ್ನ ಎಡಗಿವಿಯಿಂದ ಹೊಕ್ಕು ಬೆರಳಿನಿಂದ ಇಳಿದದ್ದು.

ಬಿ.ಸಿ. ರೋಡಿನಲ್ಲಿ ಬಸ್ಸುಗಳು ನಿಲ್ಲುವ ಜಾಗಕ್ಕೆ ಎದುರಾಗಿ ಒಂದು ಡಿಟಿಪಿ ಅಂಗಡಿ. ಅಲ್ಲಿ ನಾನು ಹನ್ನೊಂದು ವರ್ಷ ಟೈಪ್ ಮಾಡಿದೆ. ತಾಲೂಕು ಕಚೇರಿಗೆ ಕೊಡುವ ಅರ್ಜಿ, ಮದುವೆಯ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ. ಬೆಳಿಗ್ಗೆ ನರಿಕೊಂಬಿನ ಮನೆಯಿಂದ ಬಂದು ಕುಳಿತರೆ ಎದ್ದೇಳುವುದು ಊಟಕ್ಕೆ ಮಾತ್ರ. ಕೆಲಸ ನನಗೆ ಇಷ್ಟವಿತ್ತು. ನನ್ನ ಟೈಪಿಂಗಿನಲ್ಲಿ ತಪ್ಪು ಹುಡುಕಿದವರು ಕಡಿಮೆ.

ಒಂದು ದಿನ ಯಜಮಾನರು ನನ್ನ ಮೇಜಿನ ಹತ್ತಿರ ಬಂದು ಹೇಳಿದರು:

"ಒಂದು ದೊಡ್ಡ ಕೆಲಸ ಬಂದಿದೆ ಮಾರಾಯ್ತಿ. ಮೂಡಬಿದ್ರೆಯ ಸರ್ ಒಬ್ಬರು ಅವರ ಜೀವನದ ಕಥೆಯನ್ನು ಮೊಬೈಲಿನಲ್ಲಿ ಮಾತಾಡಿ ಕಳಿಸ್ತಾರಂತೆ. ನೀನು ಕೇಳಿ ಟೈಪ್ ಮಾಡಿದರೆ ಆಯ್ತು. ಬೇರೆಯವರಿಗೆ ಕೊಟ್ಟರೆ ಹಾಳು ಮಾಡ್ತಾರೆ."

ಆ ಕೊನೆಯ ಮಾತಿಗೆ ನಾನು ಉಬ್ಬಿಹೋದೆ.

ವಾಟ್ಸಾಪಿನಲ್ಲಿ ಧ್ವನಿಗಳು ಬರತೊಡಗಿದವು. ಸರ್ ಮೆಲುದನಿಯವರು. ಸಾಲದ್ದಕ್ಕೆ ತಲೆಯ ಮೇಲೆ ಫ್ಯಾನು ತಿರುಗಿಸಿಕೊಂಡು, ಮೊಬೈಲನ್ನು ದೂರದಲ್ಲೆಲ್ಲೋ ಇಟ್ಟು ಮಾತಾಡುತ್ತಿದ್ದರು. ವಾಕ್ಯದ ಮೊದಲರ್ಧ ಕೇಳಿದರೆ ಉಳಿದರ್ಧ ಗಾಳಿಗೆ ಹೋಗುತ್ತಿತ್ತು. ನನ್ನ ಕಡೆಯೋ, ಬಸ್ಸುಗಳ ಹಾರ್ನು, ಧರ್ಮಸ್ಥಳ, ಪುತ್ತೂರು ಎಂದು ಕೂಗುವ ಕಂಡಕ್ಟರುಗಳು, ಬೆನ್ನ ಹಿಂದೆ ಜೆರಾಕ್ಸ್ ಮೆಷಿನು.

ಮೊದಲ ವಾರವೇ ಸರ್‌ಗೆ ಫೋನು ಮಾಡಿದೆ.

"ಸರ್, ರೆಕಾರ್ಡ್ ಮಾಡುವಾಗ ಸ್ವಲ್ಪ ಫ್ಯಾನು ಬಂದ್ ಮಾಡ್ತೀರಾ? ಸರಿ ಕೇಳುವುದಿಲ್ಲ."

"ಈ ಸೆಖೆಯಲ್ಲಿ ಹೇಗಮ್ಮ ಆಗ್ತದೆ?" ಎಂದರು. "ಸ್ವಲ್ಪ ಜೋರು ಇಟ್ಟು ಕೇಳು."

ಯಜಮಾನರನ್ನು ಕೇಳಿದೆ. ಕಿವಿ ಪೂರ್ತಿ ಮುಚ್ಚುವ, ಹೊರಗಿನ ಗಲಾಟೆ ಒಳಗೆ ಬಿಡದ ಹೆಡ್‌ಫೋನು ಸಿಗುತ್ತದೆ, ಅದಿದ್ದರೆ ಸಣ್ಣ ಧ್ವನಿಯಲ್ಲೇ ಕೇಳಬಹುದು ಎಂದೆ. ಅವರು ನಕ್ಕರು. "ಎರಡೂ ಕಿವಿ ಮುಚ್ಚಿ ಕೂತರೆ ಗಿರಾಕಿ ಕರೆದದ್ದು ನಿನಗೆ ಕೇಳ್ತದಾ? ಒಂದೇ ಕಿವಿಗೆ ಹಾಕು, ಸಾಕು." ಹಳೆಯ ಮೊಬೈಲಿನ ಜೊತೆ ಬಂದಿದ್ದ ಇಯರ್‌ಫೋನನ್ನು ಮೇಜಿನ ಡ್ರಾಯರಿನಿಂದ ತೆಗೆದುಕೊಟ್ಟರು.

ಹಾಗೆ ಬಲಗಿವಿ ಗಿರಾಕಿಗಳಿಗೆ, ಎಡಗಿವಿ ಸರ್‌ಗೆ ಎಂದು ಪಾಲಾಯಿತು. ತೆರೆದ ಬಲಗಿವಿಯಿಂದ ಇಡೀ ಬಸ್‌ಸ್ಟ್ಯಾಂಡೇ ಒಳಗೆ ಬರುತ್ತಿದ್ದುದರಿಂದ ಎಡಗಿವಿಯ ಧ್ವನಿಯನ್ನು ಪೂರ್ತಿ ಏರಿಸಬೇಕಾಗುತ್ತಿತ್ತು. ಏರಿಸುವಾಗಲೆಲ್ಲ ಮೊಬೈಲು ಎಚ್ಚರಿಕೆ ಕೊಡುತ್ತಿತ್ತು, ಇಷ್ಟು ಜೋರಾಗಿ ತುಂಬ ಹೊತ್ತು ಕೇಳಿದರೆ ಕಿವಿಗೆ ಹಾನಿಯೆಂದು. ಅದರ ಕೆಳಗಿನ 'ಸರಿ' ಎಂಬುದನ್ನು ದಿನಾ ನಾನೇ ಒತ್ತುತ್ತಿದ್ದೆ. ಈ ಒಂದು ವಿಷಯದಲ್ಲಿ ಬೇರೆಯವರನ್ನು ದೂರುವ ಹಾಗಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಸಂಜೆ ಮನೆಗೆ ಹೋದಾಗ ಕಿವಿಯಲ್ಲಿ ಸಣ್ಣಗೆ ಕುಂಯ್ ಎನ್ನುತ್ತಿತ್ತು. ಬೆಳಗಾದರೆ ಇರುತ್ತಿರಲಿಲ್ಲ. ಆಮೇಲಾಮೇಲೆ ಬೆಳಗಾದರೂ ಹೋಗದಾಯಿತು. ಆಯಾಸ ಇರಬೇಕೆಂದುಕೊಂಡೆ. "ಕರೆದರೆ ಓ ಅನ್ನಲಿಕ್ಕೆ ನಿನಗೆ ಏನು ಕಷ್ಟ?" ಎಂದು ಅಮ್ಮ ಬೈಯುತ್ತಿದ್ದಳು. ನಾನೂ ತಿರುಗಿ ಬೈಯುತ್ತಿದ್ದೆ.

ಒಂದು ಮಧ್ಯಾಹ್ನ ಸರ್ ಕರಡು ಹಿಡಿದುಕೊಂಡು ಅಂಗಡಿಗೇ ಬಂದರು. ಮುಖ ಕೆಂಪಾಗಿತ್ತು.

"ಇದೇನು ಬರೆದದ್ದು? ಓದು."

ಓದಿದೆ. 'ಆ ದಿನ ನನ್ನ ಕಾಯಿಯನ್ನು ನೆನೆದು ಬಹಳ ಅತ್ತೆ.'

"ನಾನು ಹೇಳಿದ್ದು ತಾಯಿ. ನನ್ನ ತಾಯಿಯನ್ನು ಕಾಯಿ ಮಾಡಿದ್ದೀಯಲ್ಲ! ಕನ್ನಡ ಬರುವುದಿಲ್ಲವಾ ನಿನಗೆ?"

ಜೆರಾಕ್ಸಿಗೆ ಬಂದಿದ್ದ ನಾಲ್ಕೈದು ಮಂದಿ ನಕ್ಕರು. ಯಜಮಾನರೂ ನಕ್ಕರು. ಓದಿ ನೋಡಿದ್ದರೆ ನನಗೇ ಗೊತ್ತಾಗುತ್ತಿತ್ತು. ಆದರೆ ನನ್ನ ಕಿವಿ ಕೇಳಿದ್ದನ್ನು ನಾನು ಎಂದೂ ಅನುಮಾನಿಸಿದವಳಲ್ಲ. ಪುಟ ತಿರುಗಿಸಿದರೆ ಅಂಥವು ಇನ್ನೂ ಇದ್ದವು. 'ಸಾಲು' ಇದ್ದಲ್ಲಿ 'ಹಾಲು', 'ಕಾಲು' ಇದ್ದಲ್ಲಿ 'ಪಾಲು'. ಅಷ್ಟನ್ನೂ ತಿದ್ದಿಕೊಟ್ಟೆ. ಫ್ಯಾನಿನ ಮಾತು ಎತ್ತಲಿಲ್ಲ.

ಅದಾಗಿ ಕೆಲವು ವಾರಗಳಲ್ಲಿ ನನ್ನ ಮೊಬೈಲು ಹಾಳಾಯಿತು. ಎಡಗಿವಿಗೆ ಹಿಡಿದರೆ ಆ ಕಡೆಯವರ ಮಾತೇ ಬರುತ್ತಿರಲಿಲ್ಲ. ರಿಪೇರಿ ಅಂಗಡಿಗೆ ಕೊಂಡುಹೋದೆ. ಆ ಅಂಗಡಿಯವರು ವಯಸ್ಸಾದ ಬ್ಯಾರಿ ಮುಸ್ಲಿಂ, ಊರಿಗೆಲ್ಲ ಕಾಕ, ನಿಧಾನದ ಮನುಷ್ಯ. ತಮ್ಮ ಫೋನಿನಿಂದ ಕರೆ ಮಾಡಿ, ನನ್ನ ಮೊಬೈಲನ್ನು ಕಿವಿಗಿಟ್ಟು ನೋಡಿದರು.

"ಸರಿ ಉಂಟಲ್ಲ ಅಕ್ಕ."

"ಇಲ್ಲ ಕಾಕ, ಸ್ಪೀಕರ್ ಹೋಗಿದೆ," ಎಂದು ನಾನು ಹಟ ಮಾಡಿದೆ.

ಅವರು ಮೊಬೈಲನ್ನು ನನ್ನ ಕೈಗೇ ಕೊಟ್ಟರು. ನಾನು ಎಡಗಿವಿಗೆ ಹಿಡಿದೆ. ಏನೂ ಬರಲಿಲ್ಲ. ಅವರು ತಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಆಚೆ ಕಿವಿಗೆ ಹಿಡಿದು ನೋಡಿ ಒಮ್ಮೆ," ಎಂದರು. ಹಿಡಿದೆ. ಅವರ ಉಸಿರು ಕೂಡ ಕೇಳಿಸಿತು.

ಅವರು ದುಡ್ಡು ತೆಗೆದುಕೊಳ್ಳಲಿಲ್ಲ. "ಡಾಕ್ಟರಿಗೆ ತೋರಿಸಿ," ಎಂದಷ್ಟೇ ಹೇಳಿದರು.

ಮಂಗಳೂರಿನಲ್ಲಿ ಕಿವಿಯ ಡಾಕ್ಟರು ನನ್ನನ್ನು ಸಣ್ಣ ಕೋಣೆಯೊಂದರಲ್ಲಿ ಕೂರಿಸಿ, ಶಬ್ದ ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಎಡಗಿವಿಯ ಸರದಿ ಬಂದಾಗ ತುಂಬ ಹೊತ್ತು ಏನೂ ಕೇಳಲಿಲ್ಲ. ಗಾಜಿನ ಆಚೆ ಕುಳಿತ ಹುಡುಗಿ ಏನೋ ತಿರುಗಿಸುತ್ತಲೇ ಇದ್ದಳು. ನಾಚಿಕೆಯಾಗಿ ಎರಡು ಸಲ ಸುಮ್ಮನೆ ಗುಂಡಿ ಒತ್ತಿದೆ.

"ಒಳಗಿವಿಯಲ್ಲಿ ಕೂದಲಿನ ಹಾಗಿರುವ ಸೂಕ್ಷ್ಮ ಜೀವಕೋಶಗಳು ಇರ್ತವೆ," ಎಂದರು ಡಾಕ್ಟರು. "ಜೋರು ಶಬ್ದಕ್ಕೆ ಅವು ಸಾಯ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಇರುವುದನ್ನು ಉಳಿಸಿಕೊಳ್ಳುವ. ಇಯರ್‌ಫೋನ್ ಹಾಕಲೇಬೇಕಾದರೆ ಧ್ವನಿ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ನಡುನಡುವೆ ತೆಗೆದು ಕಿವಿಗೆ ಬಿಡುವು ಕೊಡಿ. ಗಲಾಟೆ ಇರುವಲ್ಲಿ ಧ್ವನಿ ಏರಿಸಬೇಡಿ, ಗಲಾಟೆಯನ್ನು ತಡೆಯುವ ಹೆಡ್‌ಫೋನ್ ಹಾಕಿ."

ಗಲಾಟೆಯನ್ನು ತಡೆಯುವ ಹೆಡ್‌ಫೋನ್. ನನಗೆ ನಗು ಬಂತು, ಅವರಿಗೆ ಏಕೆಂದು ಗೊತ್ತಾಗಲಿಲ್ಲ.

ಪುಸ್ತಕ ಮುಗಿಸಿಯೇ ಕೆಲಸ ಬಿಟ್ಟೆ. ಕೊನೆಯ ಮೂರು ಅಧ್ಯಾಯಗಳನ್ನು ಮನೆಯಲ್ಲಿ ಬಾಗಿಲು ಹಾಕಿಕೊಂಡು, ಬಲಗಿವಿಯಲ್ಲಿ, ಸಣ್ಣ ಧ್ವನಿಯಲ್ಲಿ ಕೇಳಿ ಮುಗಿಸಿದೆ. ಯಾಕೆ ಮುಗಿಸಿದೆನೋ ಇವತ್ತಿಗೂ ಗೊತ್ತಿಲ್ಲ. ಒಳ್ಳೆಯ ಟೈಪಿಸ್ಟ್ ಅನ್ನಿಸಿಕೊಳ್ಳುವ ಚಟ ಇರಬೇಕು.

ಬಿಡುಗಡೆ ಮೂಡುಬಿದಿರೆಯ ಒಂದು ಸಭಾಭವನದಲ್ಲಿ. ನನಗೂ ಆಮಂತ್ರಣ ಬಂದಿತ್ತು. ಹೊಸ ಸೀರೆ ಉಟ್ಟು ಹೋದೆ. ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಅಷ್ಟು ದೊಡ್ಡ ಕೋಣೆಯಲ್ಲಿ ಮೈಕಿನ ಮಾತು ನನಗೆ ಬರೀ ಗುಂಯ್‌ಗುಡುವಿಕೆ. ಸರ್ ಎದ್ದು ನಿಂತು ಒಬ್ಬೊಬ್ಬರಿಗೆ ಕೈಮುಗಿಯುತ್ತಿದ್ದುದು ಕಂಡಿತು. ನನ್ನ ಕಡೆ ನೋಡಿದ ಹಾಗೂ ಅನಿಸಿತು. ಪಕ್ಕದ ಹೆಂಗಸನ್ನು ಕೇಳಿದೆ:

"ಟೈಪ್ ಮಾಡಿದವರ ಹೆಸರು ಹೇಳಿದರಾ?"

"ಇಲ್ಲಪ್ಪ," ಎಂದಳು. "ಬಿ.ಸಿ. ರೋಡಿನ ಡಿಟಿಪಿ ಅಂಗಡಿಯವರಿಗೆ ಅಂತ ಹೇಳಿದರು."

ಮುಂದಿನ ಸಾಲಿನಲ್ಲಿ ಯಜಮಾನರು ಎದ್ದು ನಿಂತು ಶಾಲು ಹೊದೆಸಿಕೊಂಡರು. ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಆಮೇಲೆ ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ.

ಈಗ ಮನೆಯಲ್ಲೇ ಕೈಬರಹದ ಪ್ರತಿಗಳನ್ನು ಟೈಪ್ ಮಾಡುತ್ತೇನೆ. ಅಮ್ಮ ನನ್ನ ಬಲಗಡೆ ಬಂದು ನಿಂತೇ ಮಾತಾಡುವುದನ್ನು ಕಲಿತಿದ್ದಾಳೆ. ಹಿಂದೆ ಬೈದದ್ದಕ್ಕೆ ಒಮ್ಮೆ ಅತ್ತಳು. ಅದು ನನಗೆ ಬೇಕಿರಲಿಲ್ಲ.

ಹೋದ ತಿಂಗಳು ಸರ್ ಫೋನು ಮಾಡಿದ್ದರು. "ಎರಡನೇ ಭಾಗ ಮಾಡುವ ಅಂತ ಉಂಟು. ನಿನ್ನ ಹಾಗೆ ಚೊಕ್ಕ ಟೈಪ್ ಮಾಡುವವರು ಇಲ್ಲಮ್ಮ."

"ನನಗೆ ಕಿವಿ ಕೇಳುವುದಿಲ್ಲ ಸರ್," ಎಂದೆ.

"ಓ, ಇಲ್ಲಿ ಸಿಗ್ನಲ್ ಇಲ್ಲ. ಈಗ ಕೇಳ್ತದಾ?" ಎಂದು ಅವರು ದನಿ ಏರಿಸಿದರು.

ವಿವರಿಸಬಹುದಿತ್ತು. ವಿವರಿಸಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದರು, ಎರಡು ದಿನ ಬೇಜಾರು ಮಾಡಿಕೊಳ್ಳುತ್ತಿದ್ದರು, ಒಳ್ಳೆಯ ಮನುಷ್ಯನೇ. ಕನಿಕರಪಡುವ ಆ ಸಮಾಧಾನವನ್ನು ಅವರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಫೋನು ಇಟ್ಟುಬಿಟ್ಟೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬೇಕೆಂಬ ಆಸೆಯೂ ಇಲ್ಲ.