ಗುರುಶಾಂತಮ್ಮನವರು ಕೇಳಿಸಿಕೊಂಡ ತರಗತಿ

ಹೊನ್ನವಳ್ಳಿ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗುರುಶಾಂತಮ್ಮನವರು ಇಪ್ಪತ್ತನಾಲ್ಕು ವರ್ಷದಿಂದ ಕನ್ನಡ ಟೀಚರು. ಮೈಸೂರಿನಲ್ಲಿ ಎಂ.ಎ. ಓದುವಾಗ ಅವರಿಗೆ ಪಿಎಚ್.ಡಿ. ಮಾಡುವ ಆಸೆಯಿತ್ತು. ತಮ್ಮ ಸೀಮೆಯ ಹೆಂಗಸರು ಆಡುವ ಮಾತಿನ ಮೇಲೆ ಸಂಶೋಧನೆ ಮಾಡಬೇಕೆಂದು ಅರ್ಜಿಯನ್ನೂ ತುಂಬಿದ್ದರು. "ಮೊದ್ಲು ಬಿ.ಎಡ್. ಮಾಡ್ಕ, ಕೆಲ್ಸ ಸಿಗ್ತದೆ. ಆಮೇಲೆ ನೋಡನ" ಅಂದರು ತಂದೆ. ಕೆಲಸ ಸಿಕ್ಕಿತು, ಮದುವೆಯಾಯಿತು. ಆ 'ಆಮೇಲೆ' ಮಾತ್ರ ಬರಲೇ ಇಲ್ಲ. ಮೈಸೂರಿನ ಬಸ್ಸು ಕಂಡರೆ ಈಗಲೂ ಒಂದು ಕ್ಷಣ ನಿಂತು ನೋಡುತ್ತಾರೆ.

ಹೋದ ವರ್ಷ ಇಲಾಖೆಯ ತರಬೇತಿಯಲ್ಲಿ, ಪ್ರತಿಯೊಬ್ಬ ಭಾಷಾ ಶಿಕ್ಷಕರೂ ತಮ್ಮ ತರಗತಿಯ ಒಂದು ತೊಂದರೆ ಹಿಡಿದು ಕ್ರಿಯಾ ಸಂಶೋಧನೆ ಮಾಡಬೇಕೆಂದು ಹೇಳಿದರು. ವಾಪಸ್ ಬರುವಾಗ ಅವರ ಶಾಲೆಯ ಇಂಗ್ಲಿಷ್ ಮೇಷ್ಟ್ರು ಸೂರ್ಯಪ್ರಕಾಶ್ ನಕ್ಕರು. "ನನ್ ಹತ್ರ ಹಳೇದೊಂದೈತೆ ಮೇಡಂ. ಹೆಸ್ರು, ಇಸ್ವಿ ಬದ್ಲಾಯ್ಸಿ ಕೊಟ್ಬುಡಿ. ಯಾರ್ ಓದ್ತಾರೆ?"

"ಬ್ಯಾಡಿ ಸಾರ್, ನಾನೇ ಮಾಡ್ತೀನಿ" ಅಂದರು ಗುರುಶಾಂತಮ್ಮ. ಸಂಶೋಧನೆ ಎಂಬ ಮಾತು ಇಷ್ಟು ವರ್ಷದ ಮೇಲೆ ತಾನಾಗಿ ಬಂದಿತ್ತು. ಅದನ್ನು ಇನ್ನೊಬ್ಬರ ಹಾಳೆಯಿಂದ ನಕಲು ಮಾಡಲು ಮನಸ್ಸಾಗಲಿಲ್ಲ.

ಅವರ ಪ್ರಶ್ನೆ ಸಣ್ಣದು. ಮೈದಾನದಲ್ಲಿ ಬಾಯಿ ಮುಚ್ಚದ ಎಂಟನೇ ತರಗತಿ ಮಕ್ಕಳು ಕನ್ನಡ ಪೀರಿಯಡ್ಡಿನಲ್ಲಿ ಏಕೆ ಮಾತಾಡುವುದಿಲ್ಲ? ಹೆಡ್‌ಮಾಸ್ಟರನ್ನು ಕೇಳಿ, ಮಕ್ಕಳಿಗೂ ತಿಳಿಸಿ, ಒಂದು ವಾರ ಮೇಜಿನ ಮೇಲೆ ಫೋನಿಟ್ಟು ತಮ್ಮ ಪಾಠವನ್ನು ರೆಕಾರ್ಡ್ ಮಾಡಿದರು. ಸಂಜೆ ಜಗುಲಿಯ ಮೇಲೆ ಕೂತು ಕೇಳುತ್ತಾ ಬರೆದುಕೊಂಡರು. ಎದುರಿಗೆ ಗಂಡ ಪರಮಶಿವಯ್ಯ ಕೊಬ್ಬರಿಗೆಂದು ಅಟ್ಟದಲ್ಲಿಟ್ಟು ಇಳಿಸಿದ ತೆಂಗಿನಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ನೀರು ಆರಿದೆಯೇ ಎಂದು ನೋಡಿ ಬೇರೆ ಮಾಡುತ್ತಿದ್ದರು.

"ರೀ, ನಲವತ್ತು ನಿಮಿಷದಲ್ಲಿ ಮೂವತ್ಮೂರು ನಿಮಿಷ ನಾನೇ ಮಾತಾಡಿದ್ದೀನಿ ಕಣ್ರೀ."

"ಟೀಚರು ಮಾತಾಡ್ದೆ ಇನ್ನೇನ್ ಮಾಡ್ತಾರೆ ಬುಡು."

ಆದರೆ ಅದಷ್ಟೇ ಅಲ್ಲ. ಮಗು ಬಾಯಿ ತೆರೆದ ಕೂಡಲೇ ಇವರ ದನಿ ಅಡ್ಡ ಬರುತ್ತಿತ್ತು: "ಬತ್ತೀನಿ ಅಲ್ಲ, ಬರುತ್ತೇನೆ." "ಐತೆ ಅಲ್ಲ, ಇದೆ." ಐದು ದಿನದಲ್ಲಿ ಇಪ್ಪತ್ತಾರು ಸಲ. ತಿದ್ದಿಸಿಕೊಂಡವರು ಆ ಪೀರಿಯಡ್ಡಿನಲ್ಲಿ ಮತ್ತೆ ಮಾತಾಡಿದ್ದು ಅಪರೂಪ. ಗದರಿರಲಿಲ್ಲ, ಪ್ರೀತಿಯಿಂದಲೇ ತಿದ್ದಿದ್ದರು. ಅದಕ್ಕೇ ಅವರಿಗೆ ಹೆಚ್ಚು ನೋವಾಯಿತು.

ಆಗ ಕೃತಿಕಾ ನೆನಪಾದಳು. ಒಂಬತ್ತು ವರ್ಷದ ಹಿಂದೆ ಬೋರನಕಣಿವೆ ಕಡೆಯಿಂದ ಬಂದು ಅಜ್ಜಿಯ ಮನೆಯಲ್ಲಿದ್ದು ಓದಿದ ಹುಡುಗಿ. ಬಂದ ಹೊಸದರಲ್ಲಿ ಎದ್ದು ನಿಂತು, ಡ್ಯಾಮು ತುಂಬಿ ಕೋಡಿ ಬಿದ್ದಾಗ ಮನೆಮಂದಿಯೆಲ್ಲ ನೋಡಲು ಓಡಿದ ಕಥೆಯನ್ನು ಕೈ ಬೀಸಿ ಬೀಸಿ ಹೇಳಿದ್ದಳು. ಗುರುಶಾಂತಮ್ಮ ಒಂದೊಂದು ವಾಕ್ಯವನ್ನೂ ತಿದ್ದಿದ್ದರು. ದೀಪಾವಳಿ ಹೊತ್ತಿಗೆ ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳಾದಳು. ಗಂಭೀರ ಸ್ವಭಾವದ ಹುಡುಗಿ ಎಂದು ಇವರೇ ಮೆಚ್ಚಿದ್ದರು. ಆ ಕಥೆ ಕೊನೆಗೆ ಏನಾಯಿತು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅವರು ಕೇಳಿಯೇ ಇರಲಿಲ್ಲ.

ಮರುವಾರದಿಂದ ಪೀರಿಯಡ್ಡಿನ ಮೊದಲ ಕಾಲು ಗಂಟೆ ತಿದ್ದುವುದನ್ನು ಬಿಟ್ಟರು. ಮಕ್ಕಳು ಮನೆಮಾತಿನಲ್ಲೇ ಹೇಳುವುದು, ಆಮೇಲೆ ಎಲ್ಲರೂ ಸೇರಿ ಅದನ್ನು ಬರಹದ ಕನ್ನಡಕ್ಕೆ ತಂದು ಬೋರ್ಡಿನ ಮೇಲೆ ಬರೆಯುವುದು. ಮೊದಲ ಮೂರು ದಿನ ಯಾರೂ ಏಳಲಿಲ್ಲ. ನಾಲ್ಕನೇ ದಿನ ಸಿಂಧು ಎಂಬ ಹುಡುಗಿ ಎದ್ದು, "ನಮ್ ಎಮ್ಮೆ ಕಳ್ದೋಗಿತ್ತು ಮಿಸ್, ಅದ್ನ ಹೇಳ್ಲಾ?" ಅಂದಳು. ಎರಡು ತಿಂಗಳ ಮೇಲೆ ಮತ್ತೆ ರೆಕಾರ್ಡ್ ಮಾಡಿದಾಗ ಇವರ ಮಾತು ಇಪ್ಪತ್ತು ನಿಮಿಷಕ್ಕೆ ಇಳಿದಿತ್ತು. ಕಾಗುಣಿತದ ತಪ್ಪುಗಳೇನೂ ಕಡಿಮೆಯಾಗಿರಲಿಲ್ಲ. ಮೂವರು ಆಗಲೂ ಬಾಯಿ ಬಿಟ್ಟಿರಲಿಲ್ಲ. ವರದಿಯಲ್ಲಿ ಅದನ್ನೂ ಬರೆದರು.

ಕೃತಿಕಾಳ ದನಿ ಕೇಳುವ ಆಸೆ ಮಾತ್ರ ಬಿಡಲಿಲ್ಲ. ಒಂದು ಭಾನುವಾರ ಹುಳಿಯಾರಿನಲ್ಲಿ ಬಸ್ಸು ಬದಲಾಯಿಸಿ ಅವಳ ಊರಿಗೆ ಹೋದರು. ತಾಯಿ ಚಿಕ್ಕಗೌರಮ್ಮ ಗಾಬರಿಯಾದಳು. "ಏನ್ ಮೇಡಮ್ಮೋರೆ, ಇಷ್ಟ್ ದೂರ! ಕುಂತ್ಕಳಿ. ಅವ್ಳು ಹಾಸ್ನದಲ್ಲಿ ನರ್ಸಾಗವ್ಳೆ. ತಡೀರಿ, ಫೋನ್ ಮಾಡ್ಕೊಡ್ತೀನಿ."

"ನಮಸ್ಕಾರ ಮಿಸ್. ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ?" ಒಂದಕ್ಷರ ತಪ್ಪಿಲ್ಲ.

"ಡ್ಯಾಮು ಕೋಡಿ ಬಿದ್ದಿದ್ದು ಹೇಳ್ತಿದ್ಯಲ್ಲ, ನೆನಪೈತಾ ಮಗ?"

"ಇಲ್ಲ ಮಿಸ್, ನೆನಪಿಲ್ಲ. ಡ್ಯೂಟಿಗೆ ಹೊತ್ತಾಯಿತು, ಆಮೇಲೆ ಮಾಡುತ್ತೇನೆ." ಫೋನು ಇಡುವ ಮುಂಚೆ ಅವಳು ಯಾರಿಗೋ, "ಬಂದೆ ತಡಿಯೇ, ಪ್ರಾಣ ತಿನ್ಬ್ಯಾಡ" ಎಂದು ನಗುತ್ತಾ ಕೂಗಿದ್ದು ಕೇಳಿಸಿತು.

"ಮನೇಲಿ ಬಾಯಿ ಅಂದ್ರೆ ಬಾಯಿ ಮೇಡಮ್ಮೋರೆ. ನಿಮ್ ಜೊತೆ ನೋಡಿ, ಎಷ್ಟ್ ಸಂದಾಗಿ ಮಾತಾಡ್ತಾಳೆ!" ಚಿಕ್ಕಗೌರಮ್ಮನಿಗೆ ಹೆಮ್ಮೆ. ಗುರುಶಾಂತಮ್ಮ ಟೀ ಕುಡಿದು, ತಲೆಯಾಡಿಸಿ ಎದ್ದರು. ಕೃತಿಕಾ ಮತ್ತೆ ಫೋನ್ ಮಾಡಲಿಲ್ಲ.

ಜನವರಿಯಲ್ಲಿ ತುರುವೇಕೆರೆಯಲ್ಲಿ ನಡೆದ ಭಾಷಾ ಶಿಕ್ಷಕರ ಸಭೆಯಲ್ಲಿ ವರದಿ ಓದಿದರು. ಹೆಚ್ಚಿನವರು ಫೋನು ನೋಡುತ್ತಿದ್ದರು. ಆದರೆ ಊಟದ ಹೊತ್ತಿನಲ್ಲಿ ಮಾಯಸಂದ್ರ ಕಡೆಯ ತೋಂಟದಾರ್ಯ ಮೇಷ್ಟ್ರು ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದರು. "ನಂದೂ ಒಂದ್ಸಲ ಕೇಳ್ಬೇಕು ಅನ್ಸ್ತದೆ ಮೇಡಂ. ಭಯಾನೂ ಆಯ್ತದೆ."

ಈಗ ಅವರಿಬ್ಬರೂ ಸೇರಿ ಐದು ಜನ ಭಾಷಾ ಶಿಕ್ಷಕರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ತಿಪಟೂರಿನಲ್ಲಿ ಸೇರುತ್ತಾರೆ. ಒಬ್ಬರು ರೆಕಾರ್ಡ್ ಮಾಡಿ ತಂದ ಪಾಠವನ್ನು ಉಳಿದವರು ಕೇಳಿ, ಮುಂದಿನ ತಿಂಗಳು ಏನು ಮಾಡಿ ನೋಡಬಹುದೆಂದು ಮಾತಾಡುತ್ತಾರೆ. ಯಾರೂ ಹೇಳಿ ಮಾಡಿಸುತ್ತಿರುವುದಲ್ಲ, ಸರ್ಟಿಫಿಕೇಟೂ ಇಲ್ಲ.

"ಇದು ಮೂವತ್ತನೇ ವಯಸ್ಸಲ್ಲೇ ಗೊತ್ತಾಗಿದ್ರೆ..." ಎಂದು ಗುರುಶಾಂತಮ್ಮ ಹೋದ ಸಲ ಮಾತು ಶುರು ಮಾಡಿದರು, ಮುಗಿಸಲಿಲ್ಲ. ತೋಂಟದಾರ್ಯ ಅವರ ಮುಖ ನೋಡಿ, ಕಾಫಿ ಲೋಟವನ್ನು ಅವರ ಕಡೆ ಸರಿಸಿದರು.